ಧಾರಣೆ ಬಿದ್ದರೂ ಬೀಳದ ಬೆಳೆ

ಯಾವ ಬೆಳೆ ಹಾಕಲಿ ಅಂತ ಯಾರಾದರೂ ಕೇಳಿದರೆ ನಾವೆಲ್ಲ ಕೊಡುವ ಉತ್ತರ ಒಂದೇ: "ಮೊದಲು ಮಾರ್ಕೆಟ್ ನೋಡು." ತಪ್ಪಲ್ಲ. ಮಾರಿಹೋಗದ ಮಾಲನ್ನು ಬೆಳೆದು ಕೈ ಸುಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಉತ್ತರ ಅರ್ಧ ಮಾತ್ರ ಅಂತ ನನ್ನ ಅನಿಸಿಕೆ. ಒಳ್ಳೆಯ ಮಾರ್ಕೆಟ್ ಇದ್ದೂ ನೆಲಕಚ್ಚಿದ ಬೆಳೆಗಳಿವೆ. ರಫ್ತು ಇಲ್ಲ, ಮಂಡಿ ಇಲ್ಲ, ದಲ್ಲಾಳಿ ಇಲ್ಲ, ಆದರೂ ನೂರಾರು ವರ್ಷ ಹೊಲ ಬಿಡದೆ ನಿಂತ ಬೆಳೆಗಳೂ ಇವೆ.

ಈ ಎರಡನೆಯ ಜಾತಿಯ ಒಂದು ಬೆಳೆಯ ಸಂಗತಿ ಹೇಳುತ್ತೇನೆ. ಇದು ನಮ್ಮ ಊರಿನದಲ್ಲ, ಪೆಸಿಫಿಕ್ ಸಾಗರದ ನಡುವಿನ ಟೊಂಗಾ ದೇಶದ್ದು. 170ರಷ್ಟು ದ್ವೀಪಗಳಿದ್ದರೂ ಎಲ್ಲ ಸೇರಿಸಿದರೆ ಭೂಮಿ ನಮ್ಮ ಒಂದು ತಾಲೂಕಿನಷ್ಟು. ಜನ ಸುಮಾರು ಒಂದು ಲಕ್ಷ. ರಾಜ ಇದ್ದಾನೆ, ಪಾರ್ಲಿಮೆಂಟೂ ಇದೆ. ಬಹುತೇಕ ಎಲ್ಲರಿಗೂ ಬೇಸಾಯದ ನಂಟು. ಅಲ್ಲಿನ ಹೆಂಗಸರು ಒಂದು ಗಿಡದ ತೊಗಟೆಯನ್ನು ಬಡಿದು ಬಡಿದು ಬಟ್ಟೆ ಮಾಡುತ್ತಾರೆ. ನಮ್ಮಲ್ಲಿ ಬಂಗಾರಕ್ಕೆ ಇರುವ ಸ್ಥಾನ ಅಲ್ಲಿ ಈ ಬಟ್ಟೆಗೆ ಉಂಟು ಎಂದರೆ ಹೆಚ್ಚು ಹೇಳಿದಂತಾಗದು.

ಆ ಬಟ್ಟೆಯ ಹೆಸರು ಙತು. ನಮ್ಮ ಅಕ್ಷರಮಾಲೆಯಲ್ಲಿದ್ದೂ ನಾವು ಬಳಸದೆ ಬಿಟ್ಟ ಙ ಅಕ್ಷರ ಅವರಿಗೆ ದಿನನಿತ್ಯದ್ದು.

ಹಲಸಿನ ಸಂಬಂಧಿಕ

ಗಿಡದ ಹೆಸರು ಟೊಂಗಾದಲ್ಲಿ ಹಿಯಾಪೊ. ಸಸ್ಯಶಾಸ್ತ್ರದಲ್ಲಿ ಬ್ರೌಸೊನೇಷಿಯಾ ಪ್ಯಾಪಿರಿಫೆರಾ. ಕಾಗದದ ಹಿಪ್ಪುನೇರಳೆ ಎನ್ನಬಹುದು, ಏಕೆಂದರೆ ಚೀನಾ, ಜಪಾನುಗಳಲ್ಲಿ ಇದರ ನಾರಿನಿಂದ ಕಾಗದ ಮಾಡುತ್ತಿದ್ದರು. ಹಲಸು, ಹೆಬ್ಬಲಸು, ಅತ್ತಿ, ಆಲ, ರೇಷ್ಮೆಯವರ ಹಿಪ್ಪುನೇರಳೆ ಎಲ್ಲ ಇದೇ ಕುಟುಂಬ.

ಈ ಗಿಡ ಟೊಂಗಾದ ಮೂಲದ್ದಲ್ಲ. ಪೂರ್ವ ಏಷ್ಯಾದ್ದು. ಪೆಸಿಫಿಕ್ ದ್ವೀಪಗಳ ಗಿಡಗಳ ವಂಶವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳ ಬೇರು ತೈವಾನಿನ ದಕ್ಷಿಣ ಭಾಗದಲ್ಲಿದೆ ಎಂದು 2015ರಲ್ಲಿ ಪ್ರಕಟಿಸಿದರು. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ದ್ವೀಪಗಳಿಗೆ ಹೋದದ್ದು ಬಹುಮಟ್ಟಿಗೆ ಹೆಣ್ಣು ಗಿಡ ಮಾತ್ರ. ಹಾಗಾಗಿ ಅಲ್ಲಿ ಬೀಜದ ಪ್ರಶ್ನೆಯೇ ಇಲ್ಲ. ಬೇರಿನಿಂದ ಎದ್ದ ಮರಿಗಳನ್ನು ಕಿತ್ತು ನೆಟ್ಟೇ ಬೆಳೆ ಮುಂದುವರಿಯಬೇಕು. ಸಾವಿರಾರು ಮೈಲಿ ಸಮುದ್ರ ದಾಟುವಾಗ ದೋಣಿಯಲ್ಲಿ ಈ ಮರಿಗಳನ್ನು ಒಣಗದ ಹಾಗೆ ಕಾಪಾಡಿಕೊಂಡು ಒಯ್ದವರು ಇದ್ದರು. ಈಗ ಟೊಂಗಾದ ಹೊಲದಲ್ಲಿರುವ ಪ್ರತಿಯೊಂದು ಗಿಡವೂ ಯಾರೋ ಒಬ್ಬರು ಕೈಯಾರೆ ನೆಟ್ಟದ್ದರ ಮರಿ, ಅದರ ಮರಿ. ನೆಡುವ ಕೈ ನಿಂತರೆ ಬೆಳೆಯೂ ನಿಂತಿತು.

ಬೇಸಾಯ ಕಷ್ಟದ್ದಲ್ಲ, ಆದರೆ ಗಮನ ಬೇಕು. ಒತ್ತಾಗಿ ನೆಟ್ಟರೆ ಗಿಡ ನೇರವಾಗಿ ಮೇಲೇಳುತ್ತದೆ. ಬದಿಯ ಚಿಗುರುಗಳನ್ನು ಎಳೆಯದರಲ್ಲೇ ಚಿವುಟಬೇಕು. ಕೊಂಬೆ ಒಡೆದಲ್ಲೆಲ್ಲ ತೊಗಟೆಯಲ್ಲಿ ತೂತು ಬೀಳುತ್ತದೆ, ಬಟ್ಟೆ ಹಾಳು. ಒಂದರಿಂದ ಒಂದೂವರೆ ವರ್ಷದಲ್ಲಿ ಆಳೆತ್ತರ ಮೀರಿದ, ಹೆಬ್ಬೆರಳಿಗಿಂತ ಕೊಂಚ ದಪ್ಪದ ಕೋಲು ಸಿಗುತ್ತದೆ. ಅಷ್ಟಕ್ಕೇ ಕಡಿಯಬೇಕು. ಬಲಿತರೆ ನಾರು ಒರಟು. ಕಡಿದ ಮೇಲೆ ಬೇರಿನಿಂದ ಮತ್ತೆ ಮರಿ ಏಳುತ್ತದೆ.

ಕೊಡತಿ, ಗಂಜಿ, ಬಣ್ಣ

ಕಡಿದ ಕೋಲಿನ ತೊಗಟೆಯನ್ನು ಉದ್ದಕ್ಕೆ ಒಂದೇ ಪಟ್ಟಿಯಾಗಿ ಸುಲಿಯುತ್ತಾರೆ. ಮೇಲಿನ ಸಿಪ್ಪೆ ಹೆರೆದು ತೆಗೆದರೆ ಒಳಗಿನ ಬಿಳಿ ನಾರುಪಟ್ಟಿ ಉಳಿಯುತ್ತದೆ. ಇದನ್ನು ಒಣಗಿಸಿ ಇಡಬಹುದು. ಬೇಕಾದಾಗ ನೆನೆಹಾಕಿ, ಉದ್ದನೆಯ ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿಯುತ್ತಾರೆ. ಕೊಡತಿಗೆ ಅವರ ಹೆಸರು ಇಕೆ. ಅದರ ಮೈಯಲ್ಲಿ ಗೀರುಗಳಿರುತ್ತವೆ, ಒಂದು ಬದಿ ನುಣುಪು. ಗೀರಿನ ಬದಿಯಿಂದ ಬಡಿದಾಗ ನಾರು ಹರಡುತ್ತದೆ, ನುಣುಪು ಬದಿಯಿಂದ ಬಡಿದಾಗ ಸಮ ಆಗುತ್ತದೆ. ನಾಲ್ಕು ಬೆರಳು ಅಗಲದ ಪಟ್ಟಿ ಬಡಿದು ಬಡಿದು ಒಂದು ಗೇಣಿಗಿಂತ ಅಗಲವಾಗುತ್ತದೆ. ಹಳ್ಳಿಗಳಲ್ಲಿ ಬೆಳಗ್ಗಿನಿಂದ ಈ ಟಕ್‌ಟಕ್ ಕೇಳುತ್ತಿರುತ್ತದೆ. ಭಾನುವಾರ ಮಾತ್ರ ಇಲ್ಲ. ಅಂದು ಕೆಲಸ ಮಾಡಬಾರದು ಎಂಬುದು ಆ ದೇಶದ ಸಂವಿಧಾನದಲ್ಲೇ ಇದೆ.

ಇಲ್ಲಿಯವರೆಗೆ ಒಬ್ಬಳೇ ಕೂತು ಮಾಡಬಹುದಾದ ಕೆಲಸ. ಮುಂದಿನದಕ್ಕೆ ಹತ್ತಾರು ಕೈ ಬೇಕು. ನಮ್ಮ ಹಳೆಯ ಮುಯ್ಯಾಳು ಪದ್ಧತಿ ನೆನಪಿದೆಯಲ್ಲ? ಇಂದು ನಿಮ್ಮ ಗದ್ದೆ ನಾಟಿ, ನಾಳೆ ನಮ್ಮದು. ಹಾಗೆಯೇ ಅಲ್ಲಿನ ಹೆಂಗಸರ ಗುಂಪು ಒಬ್ಬೊಬ್ಬರ ಬಟ್ಟೆಯನ್ನು ಸರದಿಯಲ್ಲಿ ಮಾಡಿಕೊಡುತ್ತದೆ. ಉದ್ದನೆಯ ಕಮಾನು ಹಲಗೆಯ ಎರಡೂ ಬದಿಗೆ ಕೂರುತ್ತಾರೆ. ಹಲಗೆಯ ಮೇಲೆ ಚಿತ್ತಾರದ ಅಚ್ಚು ಕಟ್ಟಿರುತ್ತಾರೆ. ಈ ಅಚ್ಚು ತೆಂಗಿನ ಗರಿಕಡ್ಡಿಯನ್ನು ಬಗ್ಗಿಸಿ ನಾರಿನಿಂದ ಹೊಲಿದದ್ದು. ಅದರ ಮೇಲೆ ಬಡಿದ ಹಾಳೆಗಳನ್ನು ಒಂದು ಪದರ ಉದ್ದಕ್ಕೆ, ಇನ್ನೊಂದು ಪದರ ಅಡ್ಡಕ್ಕೆ ಹಾಸಿ ಅಂಟಿಸುತ್ತಾರೆ. ಅಂಟು ಯಾವುದು? ಅರೆಬೆಂದ ಮರಗೆಣಸು! ಮೇಲಿನಿಂದ ಬಣ್ಣದ ಬಟ್ಟೆಮುದ್ದೆಯಿಂದ ಉಜ್ಜಿದಾಗ ಅಡಿಯ ಅಚ್ಚು ಮೇಲೆ ಮೂಡುತ್ತದೆ. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುವ ಹಾಗೆ.

ಕಂದುಬಣ್ಣ ಬರುವುದು ಕೋಕ ಎಂಬ ಮರದ ತೊಗಟೆಯ ರಸದಿಂದ. ಈ ಮರ, ಬಿಷೋಫಿಯಾ ಜವಾನಿಕಾ, ನಮ್ಮ ಪಶ್ಚಿಮ ಘಟ್ಟದ ಹಳ್ಳದ ಬದಿಗಳಲ್ಲೂ ಇದೆ. ನಮ್ಮ ಕರಾವಳಿಯ ಕಾಂಡ್ಲಾ ಜಾತಿಯ ಮರದ ತೊಗಟೆಯೂ ಬಣ್ಣಕ್ಕೆ ಬರುತ್ತದೆ. ಕಪ್ಪಿಗೆ ಎಣ್ಣೆಕಾಯಿ ಸುಟ್ಟ ಮಸಿ. ಹೊಲದ್ದು, ಹಿತ್ತಲಿನದ್ದು, ಸಮುದ್ರದಂಚಿನದ್ದು, ಎಲ್ಲ ಒಂದು ಬಟ್ಟೆಯಲ್ಲಿ ಸೇರುತ್ತದೆ.

ಒಂದು ಭಾಗ ಮುಗಿದ ಹಾಗೆ ಹಲಗೆಯಿಂದ ಮುಂದಕ್ಕೆ ಸರಿಸಿ ಇನ್ನೊಂದು ಭಾಗ ಜೋಡಿಸುತ್ತಾರೆ. ಒಂದು ಭಾಗ ಎಂದರೆ ಸುಮಾರು ಒಂದು ಮೊಳ. ಅಂಚಿನಲ್ಲಿ ಒಂದು, ಎರಡು, ಮೂರು ಅಂತ ಅಂಕಿ ಬರೆದಿರುತ್ತಾರೆ. ಕೊಡುವಾಗ, ಕೊಳ್ಳುವಾಗ ಟೇಪು ಹಿಡಿಯುವ ಕೆಲಸವೇ ಇಲ್ಲ. ಐವತ್ತು ಭಾಗ ಇದ್ದರೆ ಅದು ಲೌನಿಮ. ಇಪ್ಪತ್ತು ಮೀಟರಿಗೂ ಉದ್ದ, ಮೂರು ನಾಲ್ಕು ಮೀಟರ್ ಅಗಲ.

ಉಡುಪಾಗಿ ಸೋತಿತು, ಮುಯ್ಯಿಯಾಗಿ ಗೆದ್ದಿತು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಷ್ಟು ಕಷ್ಟದ ಬಟ್ಟೆ ಈ ಕಾಲದಲ್ಲೂ ಯಾಕೆ ಉಳಿದಿದೆ? ಅಂಗಡಿಯಲ್ಲಿ ಹತ್ತಿಬಟ್ಟೆ ಸಿಗುವುದಿಲ್ಲವೇ?

ಸಿಗುತ್ತದೆ. ಟೊಂಗಾದವರು ದಿನಾ ಉಡುವುದೂ ಅದನ್ನೇ. ತೊಗಟೆ ಬಟ್ಟೆ ಒಂದು ಕಾಲದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಉದ್ದಕ್ಕೂ ಇತ್ತು. ಕ್ಯಾಪ್ಟನ್ ಕುಕ್ 1770ರ ದಶಕದಲ್ಲಿ ಆ ಕಡೆ ಹೋದಾಗ ಟೊಂಗಾ, ತಹೀತಿ, ಹವಾಯಿ ಎಲ್ಲ ಕಡೆ ಕಂಡಿದ್ದ. ಹವಾಯಿಯಲ್ಲಿ ಅದು ಮುಖ್ಯವಾಗಿ ಉಡುಪು, ಹೊದಿಕೆ. ಹಡಗಿನಲ್ಲಿ ಮಿಲ್ ಬಟ್ಟೆ ಬಂದಿಳಿಯಿತು, ತೊಗಟೆ ಬಟ್ಟೆ 19ನೇ ಶತಮಾನ ಮುಗಿಯುವುದರೊಳಗೆ ನಿಂತೇಹೋಯಿತು. ಹೇಗೆ ಮಾಡುವುದು ಎಂಬುದನ್ನೂ ಜನ ಮರೆತರು. 1970ರ ದಶಕದಲ್ಲಿ ಆಸಕ್ತರು ಮ್ಯೂಸಿಯಮ್ಮಿನ ಹಳೆಯ ತುಂಡುಗಳನ್ನು ನೋಡಿ ನೋಡಿ ಮತ್ತೆ ಕಲಿಯಬೇಕಾಯಿತು.

ಟೊಂಗಾಕ್ಕೂ ಮಿಲ್ ಬಟ್ಟೆ ಬಂತು. ಆದರೆ ಅಲ್ಲಿ ಙತುವಿಗೆ ಉಡುವುದಕ್ಕಿಂತ ದೊಡ್ಡ ಕೆಲಸ ಇತ್ತು. ಮಗು ಹುಟ್ಟಿದರೆ ಙತು, ಮದುವೆಗೆ ಙತು, ಸತ್ತರೆ ಶವದ ಅಡಿಗೆ ಙತು. ರಾಜನ ಪಟ್ಟಾಭಿಷೇಕಕ್ಕೆ ಅವನು ನಡೆಯುವ ದಾರಿಗೆ ಹಾಸುವುದೂ ಅದೇ. 1953ರಲ್ಲಿ ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿ ಬಂದ ನೆನಪಿಗೆ ಒಂದು ಲೌನಿಮ ಮಾಡಿದ್ದರು. ಟೊಂಗಾದ ಸಲೋಟೆ ರಾಣಿ 1965ರಲ್ಲಿ ಆಕ್ಲೆಂಡಿನಲ್ಲಿ ತೀರಿಕೊಂಡಾಗ ವಿಮಾನದಲ್ಲಿ ಅವರ ಶವಪೆಟ್ಟಿಗೆಯ ಅಡಿಗೆ ಹಾಸಿದ್ದು ಅದೇ ಬಟ್ಟೆ. ಈಗ ನ್ಯೂಜಿಲೆಂಡಿನ ತೆ ಪಾಪಾ ಮ್ಯೂಸಿಯಮ್ಮಿನಲ್ಲಿದೆ.

ಹೆಂಗಸರು ಮಾಡುವ ಙತು ಮತ್ತು ಚಾಪೆ, ಇವೆರಡನ್ನು ಅಲ್ಲಿ ಕೊಲೋವಾ ಎನ್ನುತ್ತಾರೆ. ಸಂಪತ್ತು ಎಂದೇ ಅರ್ಥ. ಗಂಡಸರು ಗೆಣಸು, ಹಂದಿ ತಂದಿಡಬೇಕು. ಹೆಂಗಸರು ಕೊಲೋವಾ ತಂದಿಡಬೇಕು. ಎರಡೂ ಇಲ್ಲದೆ ಕಾರ್ಯಕ್ರಮ ಆಗದು. ಬಂದ ಮುಯ್ಯಿಯನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ, ಅವರ ಮನೆಯಲ್ಲಿ ಕಾರ್ಯ ಆದಾಗ ತಿರುಗಿ ಕೊಡಬೇಕು. ಹಾಗಾಗಿ ಬಟ್ಟೆ ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ. ಚಾಪೆ ಹೆಣೆಯುವ ಊರಿನವರು ಙತು ಮಾಡುವ ಊರಿನವರ ಜತೆ ಅದಲುಬದಲು ಮಾಡಿಕೊಳ್ಳುವುದೂ ಉಂಟು. ಮನೆಯಲ್ಲಿ ಮಡಿಸಿಟ್ಟ ಙತು ಇಲ್ಲದ ಗೃಹಿಣಿ ಅಲ್ಲಿ ಬಡವಿ, ಕೈಯಲ್ಲಿ ಎಷ್ಟು ದುಡ್ಡಿದ್ದರೂ. ಒಂದು ಲೌನಿಮದ ಬೆಲೆ ಸಾವಿರಾರು ಪಾಂಗಾ. ಪಾಂಗಾ ಅವರ ನಾಣ್ಯ. ತುರ್ತಿಗೆ ಹಣ ಬೇಕಾದರೆ ಙತುವನ್ನು ಅಡವಿಟ್ಟು ಸಾಲ ಪಡೆಯುತ್ತಾರೆ. ನಾವು ಬಳೆ, ಸರ ಒಯ್ದು ಅಡವಿಡುವ ಹಾಗೆಯೇ. ಒಂದು ವ್ಯತ್ಯಾಸ ನೋಡಿ: ನಾವು ಅಡವಿಡುವ ಬಂಗಾರ ಪೇಟೆಯಿಂದ ಕೊಂಡದ್ದು. ಅವರದು ಹೊಲದಲ್ಲಿ ಬೆಳೆದದ್ದು.

ಕುಂಬಳ ಬಂತು, ಹೋಯಿತು

ಟೊಂಗಾದ ರೈತರು ಪೇಟೆ ಬೆಳೆಗೆ ಕೈ ಹಾಕಲಿಲ್ಲ ಅಂತ ತಿಳಿಯಬೇಡಿ. ಧಾರಾಳ ಹಾಕಿದ್ದಾರೆ. ಮೊದಲು ಕೊಬ್ಬರಿ. ಆಮೇಲೆ ನ್ಯೂಜಿಲೆಂಡಿಗೆ ಬಾಳೆಹಣ್ಣು. ರೋಗ, ಬಿರುಗಾಳಿ, ಹಡಗಿನ ತಾಪತ್ರಯ ಎಲ್ಲ ಸೇರಿ ಅದು ಇಳಿಯಿತು. ಆಮೇಲೆ ವೆನಿಲ್ಲಾ. 1987ರಿಂದ ಸಿಹಿಗುಂಬಳ. ಜಪಾನಿನಲ್ಲಿ ವರ್ಷದ ಕೊನೆಯ ಕೆಲವು ತಿಂಗಳು ಕುಂಬಳಕ್ಕೆ ತತ್ವಾರ. ಆ ಸಂದಿಗೆ ಸರಿಯಾಗಿ ಟೊಂಗಾದಲ್ಲಿ ಕೊಯ್ಲು. 1990ರ ದಶಕದಲ್ಲಿ ದೇಶದ ರಫ್ತು ಆದಾಯದ ದೊಡ್ಡ ಪಾಲು ಕುಂಬಳದ್ದೇ. ಸಾಲ ತೆಗೆದು, ಟ್ರಾಕ್ಟರ್ ಹೊಡೆಸಿ, ಗೊಬ್ಬರ ಸುರಿದು ಬೆಳೆದರು. ಬೇರೆ ದೇಶಗಳೂ ಅದೇ ಸಂದಿಗೆ ಮಾಲು ಕಳಿಸತೊಡಗಿದವು. ಒಂದು ವರ್ಷ ಎಲ್ಲರೂ ಹೆಚ್ಚು ಬೆಳೆದರೆ ಧಾರಣೆ ಪಾತಾಳಕ್ಕೆ. 2000ದ ದಶಕದಲ್ಲಿ ಭರಾಟೆ ಇಳಿಯಿತು.

ವೆನಿಲ್ಲಾ ಅಂದ ಕೂಡಲೇ ನಮ್ಮವರಿಗೆ ಬೇರೆ ವಿವರಿಸಬೇಕಿಲ್ಲ. ಮಡಗಾಸ್ಕರಿನಲ್ಲಿ ಚಂಡಮಾರುತ ಬೀಸಿತು, 2003ರ ಸುಮಾರಿಗೆ ನಮ್ಮ ಕರಾವಳಿ, ಮಲೆನಾಡಿನಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ಸಿಕ್ಕಿತು. ತೋಟಕ್ಕೆ ರಾತ್ರಿ ಕಾವಲು ಕೂತೆವು. ಮತ್ತೆ ನೋಡನೋಡುತ್ತಿದ್ದಂತೆ ಕೇಳುವವರಿಲ್ಲ. ಬಳ್ಳಿ ಅಲ್ಲೇ ಕೊಳೆಯಿತು. ಧಾರಣೆಯೊಂದನ್ನೇ ನಂಬಿ ಬಂದ ಬೆಳೆ ಧಾರಣೆಯ ಜತೆಗೇ ಹೋಯಿತು. ಮನೆಯಲ್ಲಿ ಅದಕ್ಕೆ ಬೇರೆ ಯಾವ ಕೆಲಸವೂ ಇರಲಿಲ್ಲ.

ಟೊಂಗಾದಲ್ಲೂ ಕುಂಬಳ ಹೋದ ಜಾಗದಲ್ಲಿ ಹಿಯಾಪೊ ಇನ್ನೂ ಇದೆ. ಯಾಕೆಂದರೆ ಜಪಾನಿನವರು ಕೊಳ್ಳದಿದ್ದರೆ ಕುಂಬಳ ಬೇಡ. ಆದರೆ ಊರಲ್ಲಿ ಮದುವೆ, ಸಾವು ನಿಲ್ಲುವುದಿಲ್ಲವಲ್ಲ!

ಹೊರೆ ಯಾರ ಬೆನ್ನಿಗೆ?

ಇಷ್ಟು ಓದಿ "ಆಹಾ, ಎಂಥ ಸಂಸ್ಕೃತಿ!" ಅಂತ ತಲೆದೂಗಿದರೆ ನಾವು ಅರ್ಧ ಮಾತ್ರ ನೋಡಿದಂತೆ. ಇನ್ನರ್ಧ ಕಹಿ ಇದೆ.

ಮೊದಲನೆಯದು, ದುಡಿಮೆ. ದಿನಗಟ್ಟಲೆ ನೆಲದಲ್ಲಿ ಕೂತು ಕೊಡತಿ ಎತ್ತಿ ಹಾಕುವುದು ಹೆಂಗಸರು. ಭುಜ, ಸೊಂಟ ಅವರದ್ದೇ. ನಾವು ದೂರದಲ್ಲಿ ಕೂತು ಸಂಪ್ರದಾಯ ಉಳಿಯಬೇಕು ಅನ್ನುವುದು ಸುಲಭ.

ಎರಡನೆಯದು, ಭೂಮಿ. ಟೊಂಗಾದ ಕಾನೂನಿನಲ್ಲಿ ಹದಿನಾರು ತುಂಬಿದ ಪ್ರತಿ ಗಂಡಸಿಗೂ ಎಂಟೂಕಾಲು ಎಕರೆ ಸಾಗುವಳಿ ಭೂಮಿ ಕೇಳುವ ಹಕ್ಕು ಇದೆ. ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಕೇಳಿದರೆ ಹೊಟ್ಟೆಕಿಚ್ಚು ಬರುವ ಕಾನೂನು. ಆದರೆ ಹೆಂಗಸರಿಗೆ ಆ ಹಕ್ಕು ಇಲ್ಲ. ಜನ ಹೆಚ್ಚಾಗಿ ಭೂಮಿ ಸಾಲದೆ ಈಗ ಎಷ್ಟೋ ಗಂಡಸರಿಗೂ ಸಿಗುತ್ತಿಲ್ಲ. ಮನೆಯ ಮರ್ಯಾದೆ ನಿಂತಿರುವುದು ಹೆಂಗಸಿನ ಸಂಪತ್ತಿನ ಮೇಲೆ, ಆ ಸಂಪತ್ತು ಬೆಳೆಯಬೇಕಾದ್ದು ಗಂಡಸಿನ ಹೆಸರಿನ ಭೂಮಿಯಲ್ಲಿ. ಅವನು ಕುಂಬಳ ಹಾಕುತ್ತೇನೆ ಎಂದರೆ ಹಿಯಾಪೊಗೆ ಮೂಲೆ. ಜಾಗ ಇಲ್ಲದವಳು ಬಡಿದ ಹಾಳೆಯನ್ನು ದುಡ್ಡು ಕೊಟ್ಟು ತರಬೇಕು.

ಮೂರನೆಯದು, ಮುಯ್ಯಿಯ ಭಾರ. ನಮ್ಮಲ್ಲಿ ಮದುವೆಗೆ ಸಾಲ ಮಾಡುವವರಂತೆ ಅಲ್ಲೂ ಕಾರ್ಯಕ್ಕೆ ಬೇಕಾದ ಙತು ಹೊಂದಿಸಲು ಹೆಣಗುವ ಮನೆಗಳಿವೆ. ಅಡವಿಟ್ಟದ್ದನ್ನು ಬಿಡಿಸಿಕೊಳ್ಳಲಾಗದೆ ಕಳಕೊಂಡು, ನಾಚಿಕೆಯಿಂದ ತಲೆತಗ್ಗಿಸುವವರಿದ್ದಾರೆ.

ನಾಲ್ಕನೆಯದು, ವಲಸೆ. ಟೊಂಗಾದವರು ದೊಡ್ಡ ಸಂಖ್ಯೆಯಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಾ ಸೇರಿದ್ದಾರೆ. ಅವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಊರಿನಿಂದ ಅವರಿಗೆ ಙತು ಹೋಗುತ್ತದೆ, ಅಲ್ಲಿಂದ ದುಡ್ಡು ಬರುತ್ತದೆ. ಆದರೆ ಆಕ್ಲೆಂಡಿನ ಬಾಡಿಗೆ ಮನೆಯಲ್ಲಿ ಹಿಯಾಪೊ ಎಲ್ಲಿ ನೆಡುವುದು? ಅಲ್ಲಿನ ಹೆಂಗಸರು ದರ್ಜಿಗಳು ಕಾಲರಿನ ಒಳಗೆ ಹಾಕುವಂಥ ಫ್ಯಾಕ್ಟರಿ ಬಟ್ಟೆಯನ್ನು ತಂದು, ಅದರ ಮೇಲೆ ಅದೇ ಚಿತ್ತಾರ, ಅದೇ ಬಣ್ಣ ಹಾಕುತ್ತಾರೆ. ಇದಕ್ಕೆ ಙತು ಪೆಪ ಅಂತ ಹೆಸರು. ಪೆಪ ಎಂದರೆ ಕಾಗದ. ಕೆಲವರು ಅಡಿಗೆ ಫ್ಯಾಕ್ಟರಿ ಬಟ್ಟೆ, ಮೇಲೆ ತೊಗಟೆ ಹೀಗೂ ಮಾಡುತ್ತಾರೆ. ಇದು ನಿಜವಾದ ಙತುವೇ ಅಲ್ಲ ಅನ್ನುವವರಿದ್ದಾರೆ. ಹೆಂಗಸರು ಒಟ್ಟಾಗಿ ಕೂತು ಮಾಡಿದ್ದು, ಕಾರ್ಯಕ್ಕೆ ಕೊಟ್ಟದ್ದು, ಹಾಗಿದ್ದಮೇಲೆ ಇದೂ ಙತುವೇ ಅನ್ನುವವರೂ ಇದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಬಡಿಯುವ ಕಷ್ಟ ತಪ್ಪಿಸಿಕೊಂಡ ಹೆಂಗಸನ್ನು ದೂರುವ ಹಕ್ಕು ನಮಗ್ಯಾರಿಗೂ ಇಲ್ಲ. ಆದರೆ ರೈತನಾಗಿ ಇನ್ನೊಂದು ಮಾತು ಹೇಳಲೇಬೇಕು. ಪೆಪದಲ್ಲಿ ಸಂಪ್ರದಾಯ ಉಳಿಯುತ್ತದೆ, ಹೊಲ ಉಳಿಯುವುದಿಲ್ಲ. ಮುಯ್ಯಿ ನಡೆಯುತ್ತದೆ, ಆದರೆ ಅದರ ದುಡ್ಡು ಹಿಯಾಪೊ ನೆಟ್ಟವನಿಗೆ, ಬಡಿದವಳಿಗೆ ಬರುವ ಬದಲು ಫ್ಯಾಕ್ಟರಿಗೆ ಹೋಗುತ್ತದೆ. ಬೀಜವಿಲ್ಲದ ಗಿಡ ಅದು. ಒಂದು ತಲೆಮಾರು ಮರಿ ಕಿತ್ತು ನೆಡದಿದ್ದರೆ ಮತ್ತೆ ತರುವುದು ಎಲ್ಲಿಂದ? ಹೊರೆ ಇಳಿಸುವ ದಾರಿ ಬೇರೆ ಇರಬೇಕು. ಹೆಂಗಸಿಗೂ ಭೂಮಿಯ ಹಕ್ಕು, ಬಡಿಯಲು ಒಂದು ಯಂತ್ರ, ಬಡಿದ ಹಾಳೆಗೆ ನ್ಯಾಯವಾದ ಬೆಲೆ, ಮುಯ್ಯಿಗೆ ಒಂದು ಮಿತಿ. ಇದನ್ನು ತೀರ್ಮಾನ ಮಾಡಬೇಕಾದವರು ಅವರೇ ಬಿಡಿ.

ಅಜ್ಜನಪಟ್ಟೆ ಎಲ್ಲಿ ಹೋಯಿತು?

ತೊಗಟೆಯ ಬಳಕೆ ನಮಗೂ ಹೊಸತಲ್ಲ. ಪಶ್ಚಿಮ ಘಟ್ಟದಲ್ಲಿ ಅಜ್ಜನಪಟ್ಟೆ ಎಂಬ ದೊಡ್ಡ ಮರ ಉಂಟು. ಜಗುರಿ ಅಂತಲೂ ಕರೆಯುತ್ತಾರೆ. ಇದೂ ಹಲಸಿನ ಕುಟುಂಬದ್ದೇ. ಹಿಂದೆ ಇದರ ಗೆಲ್ಲು ಕಡಿದು, ತೊಗಟೆಯನ್ನು ಬಡಿದು ಸಡಿಲಿಸಿ, ಕಾಲುಚೀಲ ಮಗುಚಿದ ಹಾಗೆ ಒಳಹೊರಗು ಮಾಡಿ ಎಳೆದು ಚೀಲ ಮಾಡುತ್ತಿದ್ದರು. ಬುಡದಲ್ಲಿ ಒಂದು ಬಿಲ್ಲೆ ಮರ ಬಿಟ್ಟರೆ ಅದೇ ಚೀಲದ ತಳ. ಹೊಲಿಗೆಯೇ ಇಲ್ಲ. ಭತ್ತ ತುಂಬಲು ಗಟ್ಟಿ ಚೀಲ.

ಗೋಣಿ ಬಂತು, ಅಜ್ಜನಪಟ್ಟೆ ಚೀಲ ಹೋಯಿತು. ಪ್ಲಾಸ್ಟಿಕ್ ಬಂತು, ಗೋಣಿ ಹೋಗುತ್ತಿದೆ. ಆ ಚೀಲಕ್ಕೆ ಇದ್ದದ್ದು ಉಪಯೋಗ ಒಂದೇ. ಅದಕ್ಕಿಂತ ಅಗ್ಗದ್ದು ಬಂದ ದಿನ ಅದರ ಕತೆ ಮುಗಿಯಿತು. ಙತುವಿಗೆ ಉಪಯೋಗದ ಜತೆ ಮನೆಯ ಕಾರ್ಯದಲ್ಲೊಂದು ಜಾಗ ಇತ್ತು. ಆ ಜಾಗಕ್ಕೆ ಅಗ್ಗದ ಮಾಲು ಬಂದು ಕೂರುವುದು ಅಷ್ಟು ಸುಲಭ ಅಲ್ಲ. ಕೂರಲಾರದು ಎಂದೂ ಅಲ್ಲ, ಪೆಪ ಈಗ ಕೂರುತ್ತಿದೆ.

ನಮ್ಮ ಅಡಿಕೆ, ವೀಳ್ಯದೆಲೆ, ತೆಂಗು, ಬಾಳೆಗೆ ಇಂಥ ಜಾಗ ಇನ್ನೂ ಇದೆ. ಧಾರಣೆ ಹೆಚ್ಚಾಯಿತು ಅಂತ ಯಾರೂ ಮದುವೆಯಲ್ಲಿ ವೀಳ್ಯ ಕೊಡದೆ ಇರುವುದಿಲ್ಲ. ಆದರೆ ಗಮನಿಸಿ. ನಮ್ಮದೇ ಜಂಬಾರಗಳಲ್ಲಿ ಬಾಳೆಲೆಯ ಚಿತ್ರ ಮುದ್ರಿಸಿದ ಹಸಿರು ಕಾಗದದೆಲೆ ಬಂದಿದೆ. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ ಬಂದಿದೆ. ಎಲೆ ಬೆಳೆಯುವವನ ಮನೆಯ ಊಟಕ್ಕೇ ಕಾಗದದ ಎಲೆ! "ತೊಳೆಯುವ ರಗಳೆ ಇಲ್ಲ, ಸುಲಭ ಆಗ್ತದೆ ಮಾರಾಯ್ರೇ" ಅನ್ನುತ್ತಾರೆ. ಸುಲಭ ಹೌದು. ಆದರೆ ಅದೇ ನಮ್ಮ ಪೆಪ.

ಹೊಸ ಬೆಳೆ ಹಾಕುವಾಗ ಧಾರಣೆ ನೋಡೋಣ, ಬೇಡ ಎನ್ನುವುದಿಲ್ಲ. ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ: ನಾಳೆ ಇದನ್ನು ಯಾರೂ ಕೊಳ್ಳದಿದ್ದರೆ ಇದಕ್ಕೆ ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ ಏನು ಕೆಲಸ? ಉತ್ತರ ಇದ್ದರೆ ಆ ಬೆಳೆಗೆ ಇನ್ನೊಂದು ಕಾಲು ಇದೆ ಅಂತ ಲೆಕ್ಕ. ಉತ್ತರ ಇಲ್ಲದಿದ್ದರೆ ಹಾಕಬಾರದು ಅಂತ ಅಲ್ಲ, ತೋಟವನ್ನೆಲ್ಲ ಅದಕ್ಕೇ ಬಿಟ್ಟುಕೊಡಬಾರದು. ಮತ್ತೆ, ಇರುವ ಜಾಗವನ್ನು ನಾವೇ ಬಿಟ್ಟುಕೊಡದಿರೋಣ. ಮುಂದಿನ ಸಲ ನಿಮ್ಮ ಮನೆಯಲ್ಲಿ ಕಾರ್ಯ ಇದ್ದಾಗ ಪೇಟೆಯಿಂದ ತರುವ ಸಾಮಾನಿನ ಪಟ್ಟಿ ಬರೆಯುವ ಮೊದಲು ಒಮ್ಮೆ ತೋಟಕ್ಕೆ ಹೋಗಿ ಬನ್ನಿ. ಪಟ್ಟಿಯಿಂದ ಎಷ್ಟು ಸಾಮಾನು ಬಿಟ್ಟುಹೋಯಿತು ಅಂತ ಬರೆದು ತಿಳಿಸಿ.